ಕೆಳಗಿಳಿಯದ ಗೆರೆ

ಡುಲೂತ್ ಊರಿನ ಆ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ಪಾರಿವಾಳ ತೂಗಿದವನು ನಾನು.
ಬೆಳಿಗ್ಗೆ ಏಳಕ್ಕೆ ತಕ್ಕಡಿ, ಏಳೂವರೆಗೆ ಪೆಟ್ಟಿಗೆ,
ಎಂಟಕ್ಕೆ ಪ್ರೊಫೆಸರ್ ಐನೋ ಕೊರ್ಪೆಲಾ,
ಬೂಟಿಗಂಟಿದ ಹಿಮ ಒದರುತ್ತ, ಮೆಟ್ಟಿಲಿಳಿದು.

ಮೊದಲ ದಿನವೇ ಬೈಸಿಕೊಂಡೆ.
'ನಲವತ್ತೇಳನೆಯದಕ್ಕೆ ಇವತ್ತು ಸಿಟ್ಟು ಬಂದಿದೆ' ಅಂದಿದ್ದೆ.
'ಸಿಟ್ಟು ಎಲ್ಲಿತ್ತು, ಮಿಸ್ಟರ್ ಓಯಾಲಾ? ರೆಕ್ಕೆಯಲ್ಲೋ, ಕೊಕ್ಕಿನಲ್ಲೋ?
ಕಂಡದ್ದು ಹೇಳಿ.'
ಕಂಡದ್ದು: ರೆಕ್ಕೆ ಎರಡು ಸಲ ಬಡಿಯಿತು,
ಗುಂಡಿಗೆ ಬೆನ್ನು ಹಾಕಿ ನಿಂತಿತು.
'ಹಾಗೆ ಬರೆಯಿರಿ.' ಬರೆದೆ.
ಅಂದಿನಿಂದ ನನ್ನ ಮನೆಯಲ್ಲೂ ಸಿಟ್ಟೆಂಬುದು ಇಲ್ಲವಾಯಿತು:
ಹೆಂಡತಿ ಬಾಣಲೆಯನ್ನು ಸದ್ದಾಗುವಂತೆ ಇಡುತ್ತಿದ್ದಳು, ಅಷ್ಟೆ.

ಒಂದು ಪೆನ್ನಿತ್ತು, ಉರುಳುವ ಕಾಗದದ ಮೇಲೆ.
ಹಕ್ಕಿ ಕುಟುಕಿದಷ್ಟು ಸಲ ಕೂದಲೆಳೆಯಷ್ಟು ಮೇಲೇರುವುದು,
ಕುಟುಕದಿದ್ದರೆ ಸುಮ್ಮನೆ ಅಡ್ಡಡ್ಡ ಹರಿಯುವುದು.
ಹಾಳೆಯಂಚು ಮುಟ್ಟಿದಾಗ ತಳಕ್ಕೆ ಜಿಗಿಯುವುದು ಲೆಕ್ಕಕ್ಕಿಲ್ಲ;
ಗೆರೆ ಮಾತ್ರ ಕೆಳಗಿಳಿಯದು.
ಮಾಡಿದ್ದು ಮಾಡದಂತಾಗದು ಎಂದು
ಆ ಯಂತ್ರ ಕಟ್ಟಿದವನಿಗೆ ಗೊತ್ತಿತ್ತೋ ಏನೋ.
ಇದನ್ನೂ ಅವರ ಮುಂದೆ ಹೇಳುವಂತಿರಲಿಲ್ಲ.

ಪ್ರತಿ ಕುಟುಕಿಗೂ ಕಾಳು ಕಂಡ ಹಕ್ಕಿ
ಕಾಳು ನಿಂತರೆ ಬೇಗ ಕೈಬಿಡುತ್ತದೆ.
ಆಗೊಮ್ಮೆ ಈಗೊಮ್ಮೆ ಕಂಡದ್ದು
ಗಂಟೆಗಟ್ಟಲೆ ಕುಟುಕುತ್ತಲೇ ಇರುತ್ತದೆ.
ಸರೋವರದ ದಡದಲ್ಲಿ, ಬಾರದ ಅದಿರಿನ ಹಡಗಿಗೆ
ದಿನವೂ ಬಂದು ಕಾಯುವ ಗಂಡಸರನ್ನು
ಅವರು ಕಿಟಕಿಯಿಂದ ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಆಮೇಲೆ ಡೆಲ್ಮರ್.
ಒಂಬತ್ತು ವರ್ಷ, ಮಾತಿಲ್ಲ, ಸರ್ಕಾರಿ ಆಸ್ಪತ್ರೆಯ ಕೊನೆಯ ಕೋಣೆ.
ತನ್ನ ಕಿವಿಗೆ ತಾನೇ ಗುದ್ದಿಕೊಳ್ಳುವ ಹುಡುಗ,
ಗಂಟೆಗೆ ಆರುನೂರ ಹನ್ನೆರಡು.
ಎಣಿಕೆಯ ಗುಂಡಿ ಒತ್ತುತ್ತ ಕೂತವನು ನಾನು.
ವೈದ್ಯರು ಅವನ ಒಳಗೆ ಏನನ್ನೋ ಹುಡುಕುತ್ತಿದ್ದರು,
ತಾಯಿ ತನ್ನ ಪಾಪವನ್ನು.
ಪ್ರೊಫೆಸರ್ ಕೇಳಿದ್ದು: ಗುದ್ದಿದ ಮೇಲೆ ಏನಾಗುತ್ತದೆ?
ನರ್ಸ್ ಓಡಿ ಬರುತ್ತಾಳೆ.
ಗುದ್ದದಿದ್ದಾಗ?
ಯಾರೂ ಬರುವುದಿಲ್ಲ.

ಕಿವಿಗೆ ದಪ್ಪ ಹತ್ತಿಯ ಟೊಪ್ಪಿ ಕಟ್ಟಿಸಿ
ನರ್ಸಿನ ನಡಿಗೆಯ ಹೊತ್ತು ಬದಲಿಸಿದರು:
ಕೈ ಮೇಜಿನ ಮೇಲಿದ್ದಾಗ ಬಾ, ಹಾಡು, ಬೆನ್ನು ಸವರು.
ಮೊದಲ ಮೂರು ದಿನ ಎಂಟುನೂರು ದಾಟಿತು.
ಆರುವ ದೀಪಕ್ಕೆ ಉರಿ ಹೆಚ್ಚು;
ಗೊತ್ತಿದ್ದರೂ, ಪಕ್ಕ ಕೂತವರಿಗೆ ಅದು ಉರಿಯೇ.
ತಾಯಿ ಗಾಜಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು.
ಪತ್ರಿಕೆಯವರು ಬರೆದರು: ಮಕ್ಕಳನ್ನು ಪಾರಿವಾಳ ಮಾಡುವಾಕೆ.

ಹತ್ತೊಂಬತ್ತನೆಯ ದಿನ
ನನ್ನ ಹೆಬ್ಬೆರಳು ಒಂದು ಗಂಟೆ ಸುಮ್ಮನಿತ್ತು.
ಸೊನ್ನೆ, ಅಂದೆ.
ಕಂಡದ್ದು ಮಾತ್ರ ಹೇಳುತ್ತೇನೆ:
ಪ್ರೊಫೆಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
ಮತ್ತೆ ತೆಗೆದರು, ಮತ್ತೆ ಒರೆಸಿದರು.
ಗಾಜಿನ ಮೇಲೆ ಧೂಳಿರಲಿಲ್ಲ.

ಇನ್ನೊಂದು ಹಾಳೆಯಿದೆ, ಅದಕ್ಕೂ ಎರಡು ವರ್ಷ ಹಿಂದಿನದು.
ಬೇರೆ ಮಗು. ತೋಳಿಗೆ ಕಟ್ಟಿದ ತಂತಿ, ಸಣ್ಣ ವಿದ್ಯುತ್ತು.
ಎರಡೇ ದಿನದಲ್ಲಿ ಗೆರೆ ಸಪಾಟು.
ವರ್ಷವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅವರೇ ತೋರಿಸುವರು:
'ನನ್ನ ಅತ್ಯಂತ ಚೊಕ್ಕ ಫಲಿತಾಂಶ.
ಹಿಂದಿನ ಬೆಂಚಿನವರೂ ಬಂದು ನೋಡಿ.
ಚೀರಿದ್ದನ್ನು ನಾವು ಎಣಿಸಲಿಲ್ಲ.'
ಅಂದು ಎಣಿಸುವವನು ನಾನೇ ಆಗಿದ್ದೆ.

ನಿವೃತ್ತಿಯ ಮರು ಸೋಮವಾರ, ಎಂಟಕ್ಕೆ, ಮೆಟ್ಟಿಲಲ್ಲಿ ಬೂಟಿನ ಸದ್ದು.
ಹಕ್ಕಿಗಳಿಲ್ಲ, ಪೆಟ್ಟಿಗೆಗಳಿಲ್ಲ, ಗೋಡೆಯ ಮೇಲೆ ಅವುಗಳ ಚೌಕ ಚೌಕ ಗುರುತು.
ಖಾಲಿ ಕೋಣೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತು
'ಲೆಕ್ಕ ಇಡಿ, ಮಿಸ್ಟರ್ ಓಯಾಲಾ' ಅಂದರು,
'ನಾನು ಎಷ್ಟು ದಿನ ಬರುತ್ತೇನೋ ನೋಡೋಣ.'
ಮೊದಲ ವಾರ ಐದು. ಎರಡನೆಯದು ಐದು. ಆಮೇಲೆ ಮೂರು.
ಹಿಮ ಕರಗಿದ ವಾರ ಒಂದು.
ಆಮೇಲೆ ಗೆರೆ ಅಡ್ಡಡ್ಡ.

ಎಂಟು ಹೊಡೆದರೆ ನಾನು ಈಗಲೂ ಮೆಟ್ಟಿಲ ಕಡೆ ತಿರುಗುತ್ತೇನೆ.
ಯಾಕೆಂದು ಬರೆಯುವಂತಿಲ್ಲ.
'ತಿರುಗಿದೆ' ಎಂದು ಬರೆದಿದ್ದೇನೆ.